ಅಂಚೆ ವೆಚ್ಚ ಯಾರ ತಲೆಗೆ?

ಗೃಹಿಣಿಯೊಬ್ಬರು 299 ರೂಪಾಯಿಯ ಸ್ಟೀಲ್ ಡಬ್ಬಿಯನ್ನು ಆನ್‌ಲೈನಿನಲ್ಲಿ ತರಿಸಿದರು ಎನ್ನೋಣ. ಸಾಗಣೆಗೆ ಬೇರೆ 80 ರೂಪಾಯಿ. ಬಂದ ಡಬ್ಬಿಯ ಮುಚ್ಚಳ ನೆಗ್ಗಿತ್ತು. ವಾಪಸು ಕಳಿಸಿದರೆ ಖಾತೆಗೆ ಬಂದದ್ದು 299 ಮಾತ್ರ. ತಲುಪಿಸುವ ಕೆಲಸ ಮುಗಿದಿದೆ, ಆ 80 ರೂಪಾಯಿ ಮರಳದು ಎಂಬ ಉತ್ತರ. ಹಿಂದಿರುಗಿಸಲು ಕೊರಿಯರ್‌ನವನಿಗೆ ಕೊಟ್ಟ ದುಡ್ಡೂ ಅವರದೇ. ಇಷ್ಟು ಚಿಕ್ಕ ಮೊತ್ತಕ್ಕೆ ಯಾರು ಜಗಳಕ್ಕೆ ಹೋಗುತ್ತಾರೆ? ಹೋಗುವುದಿಲ್ಲವೆಂಬುದು ಮಾರುವವರಿಗೂ ಚೆನ್ನಾಗಿ ಗೊತ್ತು.

ದೂರದ ಊರಿನಿಂದ ಸರಕು ತರಿಸುವುದು ಹೊಸದೇನಲ್ಲ. ವಿ.ಪಿ.ಪಿ.ಯಲ್ಲಿ ಪುಸ್ತಕ, ಗಡಿಯಾರ ತರಿಸಿದವರಿಗೆ ನೆನಪಿರಬಹುದು: ಅಂಚೆಯವನಿಗೆ ಹಣ ಎಣಿಸಿದ ಮೇಲೆಯೇ ಪೊಟ್ಟಣ ಬಿಚ್ಚಬೇಕು, ಒಳಗೆ ಏನಿದೆಯೋ ಅದು ಅವರವರ ಅದೃಷ್ಟ. ಆದರೆ ಅಂಚೆ ವೆಚ್ಚ ಎಷ್ಟೆಂಬುದು ಮೇಲೆ ಅಂಟಿಸಿದ ಸ್ಟಾಂಪುಗಳಲ್ಲೇ ಕಾಣುತ್ತಿತ್ತು. ಈಗ ಅದು ಕಾಣುವುದಿಲ್ಲ.

ಕಾಣದಿರುವುದಕ್ಕೆ ಒಂದು ಕಾರಣ ತೂಕದ ಲೆಕ್ಕ. ಅನೇಕ ಕೊರಿಯರ್ ಸಂಸ್ಥೆಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. 40, 30, 25 ಸೆಂಟಿಮೀಟರಿನ ಪೆಟ್ಟಿಗೆಗೆ 30,000 ಘನ ಸೆಂಟಿಮೀಟರು, ಅಂದರೆ 6 ಕಿಲೋ. ಒಳಗಿರುವುದು ಒಂದೇ ಕಿಲೋ ತೂಗುವ ದಿಂಬಾದರೂ ದರ 6 ಕಿಲೋಗೆ. ಇದು ಮೋಸವಲ್ಲ, ವಾಹನದಲ್ಲಿ ಹಗುರವಾದ ವಸ್ತುವೂ ಜಾಗ ಹಿಡಿಯುತ್ತದೆ. ಆದರೆ ಅಂಗೈಯಗಲದ ವಸ್ತುವನ್ನು ದೊಡ್ಡ ಪೆಟ್ಟಿಗೆಯಲ್ಲಿ ಕಳಿಸಿದರೆ ಗ್ರಾಹಕ ಗಾಳಿಗೂ ಬಾಡಿಗೆ ಕೊಡುತ್ತಾನೆ. ಅದೇ ಪೆಟ್ಟಿಗೆಯಲ್ಲಿ ತನ್ನ ಖರ್ಚಿನಲ್ಲಿ ಹಿಂದಿರುಗಿಸಿದರೆ ಎರಡನೆಯ ಸಲ!

ಜರ್ಮನಿಯಲ್ಲಿ ಇಂಥದೇ ತಕರಾರು ನ್ಯಾಯಾಲಯದ ಮೆಟ್ಟಿಲೇರಿತು. ಹೈನ್ರಿಷ್ ಹೈನೆ ಎಂಬ ಅಂಚೆ ಮಾರಾಟ ಕಂಪನಿ ಪ್ರತಿ ಪಾರ್ಸೆಲಿಗೆ 4.95 ಯೂರೊ ಪಡೆಯುತ್ತಿತ್ತು. ಸರಕು ಬೇಡವೆಂದು ಗ್ರಾಹಕ ಮರಳಿಸಿದರೂ ಅದನ್ನು ಕೊಡುತ್ತಿರಲಿಲ್ಲ. 2010ರ ಏಪ್ರಿಲ್‌ನಲ್ಲಿ ಯುರೋಪಿನ ನ್ಯಾಯಾಲಯ ಅದು ಸಲ್ಲದೆಂದಿತು: ತಲುಪಿಸಿದ ವೆಚ್ಚವನ್ನೂ ಮರಳಿಸಬೇಕು, ಹಿಂದಕ್ಕೆ ಕಳಿಸುವ ಖರ್ಚನ್ನು ಮಾತ್ರ ಗ್ರಾಹಕನ ಮೇಲೆ ಹಾಕಬಹುದು.

ಭಾರತದ ನಿಯಮಗಳು ಇಷ್ಟು ಬಿಡಿಸಿ ಹೇಳುವುದಿಲ್ಲ. ಮನಸ್ಸು ಬದಲಾಯಿತೆಂದು ಸರಕು ಮರಳಿಸುವುದು ಇಲ್ಲಿ ಮಾರುವವರ ಷರತ್ತಿಗೆ ಬಿಟ್ಟ ವಿಷಯ. ಸರಕು ಕೆಟ್ಟಿದ್ದರೆ ಮಾತು ಬೇರೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ಅಥವಾ ಜಾಹೀರಾತಿನಲ್ಲಿ ತೋರಿಸಿದಂತಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರುವವರು ನಿರಾಕರಿಸುವಂತಿಲ್ಲ. ಸಾಗಣೆ ವೆಚ್ಚವನ್ನು ಬೆಲೆಯಿಂದ ಬಿಡಿಸಿ ತೋರಿಸಬೇಕು, ಹಿಂದಿರುಗಿಸಲು ತಗಲುವ ಖರ್ಚನ್ನೂ ಮೊದಲೇ ತಿಳಿಸಬೇಕು. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ ದೋಷಯುಕ್ತ ಸರಕಿನ ಹಣ 30 ದಿನಗಳೊಳಗೆ ಮರಳಬೇಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ನೆಗ್ಗಿದ ಡಬ್ಬಿಗಾಗಿ ತೆತ್ತ 80 ರೂಪಾಯಿಯೂ ಗ್ರಾಹಕನ ನಷ್ಟವೇ ಅಲ್ಲವೆ? ಅದನ್ನು ಪರಿಹಾರವೆಂದು ಕೇಳಲು ಅಡ್ಡಿಯಿಲ್ಲ.

ಕೇಳುವವರ ಕೈಯಲ್ಲಿ ಪುರಾವೆ ಇರಬೇಕು. ಹಣ ಕಟ್ಟುವ ಮೊದಲು ಬೆಲೆ ಮತ್ತು ಸಾಗಣೆ ವೆಚ್ಚ ಕಾಣುವ ಪುಟದ ಚಿತ್ರ, ಪೊಟ್ಟಣ ಬಿಚ್ಚುವಾಗಿನ ಫೋಟೊ, ಕೊರಿಯರ್ ರಸೀದಿ ಇವಿಷ್ಟು ಸಾಕು. ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥಪಡಿಸಬೇಕು. ಆಗದಿದ್ದರೆ 1915ಕ್ಕೆ ಫೋನು ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರುವವರು ದೆಹಲಿಯಲ್ಲಿದ್ದರೂ ಗ್ರಾಹಕ ತನ್ನ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.