ಅಳಿಸುವವರ ಆರೋಗ್ಯ ಯಾರ ಹೊಣೆ?

2019ರ ಅಕ್ಟೋಬರ್ ಕೊನೆಯಲ್ಲಿ ಬಿಬಿಸಿ ಅರಬ್ಬಿ ವಿಭಾಗ ಕುವೈತಿನಿಂದ ಒಂದು ತನಿಖಾ ವರದಿ ಪ್ರಸಾರ ಮಾಡಿತು. ಹೊಸದಾಗಿ ಆ ದೇಶಕ್ಕೆ ಬಂದ ದಂಪತಿಯ ಸೋಗಿನಲ್ಲಿ ವರದಿಗಾರರು ಆ್ಯಪ್‌ಗಳಲ್ಲಿ 57 ಮಂದಿಯನ್ನು ಮಾತಾಡಿಸಿದ್ದರು. ಮನೆಗೆಲಸದವರನ್ನು ಮಾರಲು ಮುಂದಾದ ಹತ್ತಾರು ಮಂದಿಯನ್ನು ಮುಖಾಮುಖಿ ಕಂಡಿದ್ದರು. ಗಿನಿ ದೇಶದ 16ರ ಹುಡುಗಿಯೊಬ್ಬಳಿಗೂ ಅಲ್ಲಿ ಬೆಲೆ ಕಟ್ಟಲಾಗಿತ್ತು. ಕುವೈತ್ ಅಧಿಕಾರಿಗಳು ಕೆಲವು ಖಾತೆದಾರರನ್ನು ಕರೆಸಿಕೊಂಡರು. ಫೇಸ್‌ಬುಕ್ ಒಂದು ಹ್ಯಾಷ್‌ಟ್ಯಾಗ್ ನಿಷೇಧಿಸಿತು. ಕಥೆಯ ಉಳಿದ ಭಾಗ ಹೊರಬಂದದ್ದು 2021ರಲ್ಲಿ, ಫೇಸ್‌ಬುಕ್‌ನ ಆಂತರಿಕ ಕಾಗದಗಳು ಸೋರಿದಾಗ. ಈ ದಂಧೆ ಕಂಪನಿಗೆ 2018ರಿಂದಲೇ ಗೊತ್ತಿತ್ತು. ಫೇಸ್‌ಬುಕ್ಕನ್ನು ಆ್ಯಪ್ ಸ್ಟೋರಿನಿಂದಲೇ ತೆಗೆದುಹಾಕುತ್ತೇವೆಂದು ಆ್ಯಪಲ್ ಬೆದರಿಸಿದ ಮೇಲೆ ಸಾವಿರಕ್ಕೂ ಹೆಚ್ಚು ಖಾತೆಗಳು ರದ್ದಾದವು. ಶೋಷಣೆ ಖಚಿತವಾದ ಕಡೆಯಲ್ಲೂ ತಾವು ಸಾಕಷ್ಟು ಕ್ರಮ ಕೈಗೊಳ್ಳುತ್ತಿಲ್ಲವೆಂದು ಕಂಪನಿಯವರೇ ಬರೆದುಕೊಂಡಿದ್ದರು. ಇಷ್ಟೆಲ್ಲ ಚರ್ಚೆಯಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಆ ಜಾಹೀರಾತುಗಳನ್ನು ನೋಡಿ ತೀರ್ಮಾನಿಸಬೇಕಿದ್ದವರು ಯಾರು, ಅವರು ಯಾವ ಸ್ಥಿತಿಯಲ್ಲಿದ್ದರು?

ಕುವೈತಿನ ಕಫಾಲಾ ಪದ್ಧತಿಯಲ್ಲಿ ಕೆಲಸಗಾರರ ವೀಸಾ ಒಬ್ಬ ಪ್ರಾಯೋಜಕನ ಹೆಸರಿಗೆ ಅಂಟಿಕೊಂಡಿರುತ್ತದೆ. ಆ ಪ್ರಾಯೋಜಕತ್ವವನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಕಾನೂನಿನಲ್ಲಿ ದಾರಿಯಿದೆ. ಮಾರಾಟಗಾರರು ಬಳಸಿದ್ದು ಇದೇ ದಾರಿಯನ್ನು. ಒಂದು ಫೋಟೊ, ವಯಸ್ಸು, ಒಂದು ಮೊತ್ತ, ‘ವರ್ಗಾವಣೆಗೆ’ ಎಂಬ ಒಕ್ಕಣೆ. ರಕ್ತ ಕಾಣುವುದಿಲ್ಲ, ಬೈಗುಳವಿಲ್ಲ. ಇದು ಸಕ್ರಮವೋ ಮನುಷ್ಯರ ವ್ಯಾಪಾರವೋ ಎಂದು ಹೇಳಲು ಆ ಸಮಾಜ ಗೊತ್ತಿರಬೇಕು, ಅಲ್ಲಿಯ ಆಡುಮಾತು ಗೊತ್ತಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಲು ಪುರುಸೊತ್ತು ಬೇಕು. ಅದೇ ಸೋರಿದ ಕಾಗದಗಳ ಪ್ರಕಾರ ಅರಬ್ಬಿ ಪೋಸ್ಟುಗಳನ್ನು ನೋಡುತ್ತಿದ್ದವರಲ್ಲಿ ಬಹುಪಾಲು ಮಂದಿ ಮೊರಾಕ್ಕೊದ ಅರಬ್ಬಿಯವರು. ಬೇರೆ ನಾಡುಗಳ ಅರಬ್ಬಿ ಅವರಿಗೆ ಕಷ್ಟವಾಗುತ್ತಿತ್ತು. ಪುರುಸೊತ್ತಿನ ಮಾತಿಗೆ ಬಂದರೆ, ಹೈದರಾಬಾದಿನಲ್ಲಿ ಫೇಸ್‌ಬುಕ್‌ಗಾಗಿ ದುಡಿಯುತ್ತಿದ್ದ ಗುತ್ತಿಗೆ ನೌಕರರು 2019ರಲ್ಲಿ ರಾಯಿಟರ್ಸ್‌ಗೆ ಹೇಳಿದ ಲೆಕ್ಕ ನೋಡಿ: ಎಂಟು ಗಂಟೆಯ ಪಾಳಿಯಲ್ಲಿ 2000 ಪೋಸ್ಟು. ಫೇಸ್‌ಬುಕ್ ಈ ಲೆಕ್ಕವನ್ನು ಒಪ್ಪಲಿಲ್ಲ. ಅದರ ಅರ್ಧವೇ ನಿಜವೆಂದರೂ ಒಂದು ಪೋಸ್ಟಿಗೆ ಸಿಗುವುದು ಅರ್ಧ ನಿಮಿಷಕ್ಕೂ ಕಡಿಮೆ. ಮನಸ್ಸು ಮರಗಟ್ಟಿದವರಿಂದ ಅರ್ಧ ನಿಮಿಷದಲ್ಲಿ ಇಂಥ ಸೂಕ್ಷ್ಮ ತೀರ್ಪು ಬರಲಾರದು. ಆದ್ದರಿಂದ ನನ್ನ ವಾದ ಇಷ್ಟೆ: ಹೀಗೆ ಪೋಸ್ಟುಗಳನ್ನು ನೋಡಿ ಅಳಿಸುವ ಕಂಟೆಂಟ್ ಮಾಡರೇಟರುಗಳ ಮಾನಸಿಕ ಆರೈಕೆಯನ್ನು ಕಂಪನಿಯ ಔದಾರ್ಯವೆಂದು ಎಣಿಸುವುದನ್ನು ನಿಲ್ಲಿಸಬೇಕು, ಅದು ಕೆಲಸದ ಸುರಕ್ಷತೆಯ ಭಾಗ, ಕಾನೂನಿನ ಹಕ್ಕು ಆಗಬೇಕು.

ಹಾನಿ ಕಾಲ್ಪನಿಕವಲ್ಲ. ಅಮೆರಿಕದಲ್ಲಿ 2018ರಲ್ಲಿ ಫೇಸ್‌ಬುಕ್ ಮೇಲೆ ಮಾಡರೇಟರೊಬ್ಬರು ಹೂಡಿದ ದಾವೆ 2020ರಲ್ಲಿ 5.2 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿ ಅದರ ವ್ಯಾಪ್ತಿಗೆ ಬಂದರು. ಕೆನ್ಯಾದ ನೈರೋಬಿಯಲ್ಲಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಮತ್ತು ಅದರ ಗುತ್ತಿಗೆ ಕಂಪನಿಯ ಮೇಲೆ ಮೊಕದ್ದಮೆ ಹೂಡಿದವರಲ್ಲಿ 140ಕ್ಕೂ ಹೆಚ್ಚು ಮಂದಿಗೆ ಪಿಟಿಎಸ್‌ಡಿ ಎಂಬ ಆಘಾತೋತ್ತರ ಕಾಯಿಲೆಯಿದೆಯೆಂದು ತಜ್ಞ ವೈದ್ಯರು ವರದಿ ಕೊಟ್ಟದ್ದು 2024ರಲ್ಲಿ ಬೆಳಕಿಗೆ ಬಂತು. ಅದೇ ವರ್ಷದ ಆರಂಭದಲ್ಲಿ ಬಾರ್ಸಿಲೋನಾದ ನ್ಯಾಯಾಲಯವೊಂದು ಮಾಡರೇಟರೊಬ್ಬರ ಮನೋರೋಗ ಕೆಲಸದಿಂದಲೇ ಬಂದದ್ದೆಂದು ತೀರ್ಪಿತ್ತಿತು. ಮೂರು ಖಂಡಗಳಿಂದ ಬಂದ ಒಂದೇ ಬಗೆಯ ಸಾಕ್ಷ್ಯವಿದು.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ನೈತಿಕವಾಗಿ ಬಲವಾದದ್ದು ಕುವೈತಿನ ಸಂದರ್ಭದಿಂದಲೇ ಹುಟ್ಟುತ್ತದೆ. ಬೀಗ ಹಾಕಿದ ಮನೆಯಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡು ಕೂತ ಹೆಣ್ಣುಮಗಳ ಎದುರು ಎ.ಸಿ. ಕೋಣೆಯಲ್ಲಿ ಕೂತು ಸಂಬಳ ಎಣಿಸುವವರ ದುಃಖ ಯಾವ ಲೆಕ್ಕದ್ದು? ಹೌದು, ಇಬ್ಬರ ಸಂಕಟವೂ ಒಂದೇ ತೂಕದ್ದಲ್ಲ. ಮಾಡರೇಟರು ರಾಜೀನಾಮೆ ಕೊಟ್ಟು ಹೊರಗೆ ಹೋಗಬಹುದು, ಆಕೆ ಹೋಗಲಾರಳು. ಆದರೆ ಈ ವಾದ ಮರೆಯುವುದೇನೆಂದರೆ, ಆ ಮನೆಯ ಬಾಗಿಲಾಚೆ ಆಕೆಯ ಫೋಟೊ ನೋಡಿ ತಡೆಯಬಲ್ಲ ಅಪರಿಚಿತರಲ್ಲಿ ಈ ಮಾಡರೇಟರೂ ಒಬ್ಬರು. ಕುವೈತಿನಲ್ಲಿ 2015ರ 68ನೇ ಕಾನೂನು ಮನೆಗೆಲಸದವರಿಗೆ ವಾರದ ರಜೆ ಕೊಟ್ಟಿದೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳಬಾರದೆಂದಿದೆ. ಆದರೂ ಖಾಸಗಿ ಮನೆಯೊಳಗೆ ತನಿಖಾಧಿಕಾರಿ ಸುಲಭವಾಗಿ ಕಾಲಿಡಲಾರ. ಆ ಮನೆಯ ಅನ್ಯಾಯ ಜಾಹೀರಾತಾಗಿ ತಾನೇ ಹೊರಬಿದ್ದಾಗ ಅದನ್ನು ಗುರುತಿಸುವ ಕಣ್ಣನ್ನು ದಣಿಸಿ ಕುರುಡಾಗಿಸಿದರೆ ನಷ್ಟ ಆಕೆಗೇ. ಸುಮಾರು ಹತ್ತು ಲಕ್ಷ ಭಾರತೀಯರಿರುವ ದೇಶವದು. ಕರಾವಳಿ ಕರ್ನಾಟಕದ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿಯ ದುಡ್ಡಿನಲ್ಲಿ. ಇದು ದೂರದ ವಿಷಯವೇನಲ್ಲ.

ಗೊತ್ತಿದ್ದೇ ಸೇರಿದವರು, ವೈದ್ಯರು ಪೊಲೀಸರು ಇದಕ್ಕಿಂತ ಘೋರವಾದುದನ್ನು ನೋಡುವುದಿಲ್ಲವೇ ಎಂಬುದು ಇನ್ನೊಂದು ಮಾತು. ವೈದ್ಯರಿಗೆ ವರ್ಷಗಳ ತರಬೇತಿಯಿದೆ, ಸಮಾಜದ ಗೌರವವಿದೆ, ಕೈಯಲ್ಲಿ ಚಿಕಿತ್ಸೆಯಿದೆ. ಮಾಡರೇಟರಿಗೆ ಇರುವುದು ಗೌಪ್ಯತಾ ಕರಾರು. ನೋಡಿದ್ದನ್ನು ಮನೆಯವರ ಮುಂದೆ ಹೇಳಿ ಹಗುರಾಗುವುದಕ್ಕೂ ಅವರು ಹೆದರಬೇಕು. ತಾವು ವರದಿ ಮಾಡಿದ ವಿಡಿಯೊದಲ್ಲಿನ ಮಗು ಬದುಕಿತೋ ಇಲ್ಲವೋ ಎಂಬ ಸುದ್ದಿಯೂ ಅವರಿಗೆ ಬರುವುದಿಲ್ಲ. ಕಂಪನಿಗಳು ವೆಲ್‌ನೆಸ್ ಕೋಚ್‌ಗಳನ್ನು ಇಟ್ಟಿವೆಯಲ್ಲ ಎನ್ನುವವರು ಅಮೆರಿಕದ ರಾಜಿಯ ಷರತ್ತುಗಳನ್ನು ಓದಬೇಕು: ಪರವಾನಗಿಯುಳ್ಳ ಆಪ್ತಸಮಾಲೋಚಕರೊಂದಿಗೆ ವಾರಕ್ಕೊಮ್ಮೆ ಏಕಾಂತ ಭೇಟಿ, ತಿಂಗಳಿಗೊಮ್ಮೆ ಗುಂಪು ಚಿಕಿತ್ಸೆ, ವಿಡಿಯೊಗಳ ದನಿ ಮೊದಲೇ ಬಂದ್, ಚಿತ್ರ ಕಪ್ಪು ಬಿಳುಪು. ಇವು ಮಾಡಲು ಸಾಧ್ಯವೆಂದು ಕೋರ್ಟಿನ ಮುಂದೆ ಒಪ್ಪಿಕೊಂಡ ಕಂಪನಿ, ಆ ರಕ್ಷಣೆಯನ್ನು ಅಮೆರಿಕದ ಗಡಿಗೆ ಸೀಮಿತಗೊಳಿಸಲು ಕಾರಣವೇನು? ಪೌರಕಾರ್ಮಿಕರ ಕೈಗವಸಿನ ಗುಣಮಟ್ಟ ವಾರ್ಡಿನ ಶ್ರೀಮಂತಿಕೆ ನೋಡಿ ಬದಲಾಗಬಾರದಷ್ಟೆ.

ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ಮನುಷ್ಯರೇ ಬೇಡ ಎಂಬ ಭರವಸೆಯೂ ಪೊಳ್ಳು. ಚಾಟ್‌ಜಿಪಿಟಿಗೆ ಕೆಟ್ಟದ್ದನ್ನು ಗುರುತಿಸಲು ಕಲಿಸಲು ಕೆನ್ಯಾದ ಕೆಲಸಗಾರರು ಗಂಟೆಗೆ ಎರಡು ಡಾಲರಿಗಿಂತ ಕಡಿಮೆಗೆ ಅದೇ ಕೆಟ್ಟದ್ದನ್ನು ಓದುತ್ತಾ ಕೂತಿದ್ದರೆಂದು ಟೈಮ್ ಪತ್ರಿಕೆ 2023ರಲ್ಲಿ ಬಯಲು ಮಾಡಿತು. ಯಂತ್ರಕ್ಕೆ ಅರ್ಥವಾಗದೆ ಉಳಿಯುವ ಕುವೈತಿನಂಥ ಪ್ರಕರಣಗಳೇ ಕೊನೆಗೆ ಮನುಷ್ಯರ ಮೇಜಿಗೆ ಬರುವುದು. ಕಾನೂನು ಬಿಗಿ ಮಾಡಿದರೆ ಕೆಲಸ ಬೇರೆ ದೇಶಕ್ಕೆ ಹೋಗುತ್ತದೆಂಬ ಹೆದರಿಕೆಗೆ ಕೆನ್ಯಾ ಉತ್ತರ ಕೊಟ್ಟಿದೆ: ಗುತ್ತಿಗೆದಾರನ ಹಿಂದೆ ಅವಿತ ಮೂಲ ಕಂಪನಿಯನ್ನೇ ಕೆನ್ಯಾದಲ್ಲಿ ವಿಚಾರಿಸಬಹುದೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಹೇಳಿತು. ಹೊಣೆ ಮೂಲ ಕಂಪನಿಯನ್ನು ಬೆನ್ನಟ್ಟಿದರೆ ಗುತ್ತಿಗೆಯ ಊರು ಬದಲಿಸಿ ಪ್ರಯೋಜನವಿಲ್ಲ.

ನಮ್ಮ ಕಾನೂನು ಎಲ್ಲಿದೆ? 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ನಗ್ನ ಚಿತ್ರದ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕೆಂದು ಗಡುವು ಹಾಕಿದವು. ತೆಗೆಯುವವರ ಬಗ್ಗೆ ಒಂದಕ್ಷರವಿಲ್ಲ. ಸೀಸದ ವಿಷ, ಸಿಲಿಕೋಸಿಸ್‌ಗಳಿಗೆ ಜಾಗ ಕೊಟ್ಟ ನಮ್ಮ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಮನಸ್ಸಿನ ಗಾಯಕ್ಕೆ ಜಾಗವಿಲ್ಲ. ಆ್ಯಪ್‌ಗಳಿಗೆ ದುಡಿಯುವ ಡೆಲಿವರಿ ಕೆಲಸಗಾರರಿಗಾಗಿ 2025ರಲ್ಲಿ ಕಾನೂನು ತಂದ ಕರ್ನಾಟಕ, ಅದೇ ಆ್ಯಪ್ ಲೋಕದ ಹೊಲಸು ತೊಳೆಯುವವರಿಗಾಗಿ ಇನ್ನೊಂದು ಹೆಜ್ಜೆ ಇಡಬಲ್ಲದು. ದಿನಕ್ಕೆ ಎಷ್ಟು ಹೊತ್ತು ಹಿಂಸೆಯ ದೃಶ್ಯ ನೋಡಿಸಬಹುದೆಂಬುದಕ್ಕೆ ಮಿತಿ, ಮಾಲೀಕರಿಗೆ ವರದಿ ಒಪ್ಪಿಸದ ಸ್ವತಂತ್ರ ಆಪ್ತಸಮಾಲೋಚಕರು, ಕೆಲಸ ಬಿಟ್ಟ ಮೇಲೂ ಮುಂದುವರಿಯುವ ಚಿಕಿತ್ಸೆ, ವೈದ್ಯರ ಮುಂದೆ ಬಾಯಿ ಬಿಡಲು ಗೌಪ್ಯತಾ ಕರಾರಿನಿಂದ ವಿನಾಯಿತಿ, ಇವೆಲ್ಲಕ್ಕೂ ಮೂಲ ಕಂಪನಿಯೇ ಹೊಣೆ. ಈ ಐದನ್ನು ಬರೆಯಲು ಹೊಸ ಸಂಶೋಧನೆ ಬೇಕಿಲ್ಲ. ಇಷ್ಟನ್ನೂ ಮಾಡದ ಕಂಪನಿ ‘ನಮ್ಮ ವೇದಿಕೆ ಸುರಕ್ಷಿತ’ ಎಂದು ಜಾಹೀರಾತು ಕೊಟ್ಟರೆ ಅದನ್ನು ಸುಳ್ಳೆಂದೇ ಕರೆಯಬೇಕು.