ಎದೆಯ ಮೇಲೆ ಬರೆದ ಬಡ್ಡಿ

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಟೈನ್ ನದಿಯ ದಂಡೆಯ ಮೇಲೆ ನ್ಯೂಕಾಸಲ್ ಎಂಬ ಊರಿದೆ. ಒಂದು ಕಾಲಕ್ಕೆ ಕಲ್ಲಿದ್ದಲಿಗೂ ಹಡಗು ಕಟ್ಟುವ ಕೆಲಸಕ್ಕೂ ಹೆಸರಾಗಿದ್ದ ಊರು. ಗಣಿಗಳು ಮುಚ್ಚಿದವು, ಹಡಗು ಕಟ್ಟುವುದೂ ನಿಂತಿತು. ಆದರೆ ಫುಟ್‌ಬಾಲ್ ಹುಚ್ಚು ಮಾತ್ರ ಇಳಿಯಲಿಲ್ಲ. ಊರಿನ ನಡುವೆಯೇ ಇರುವ ಸೇಂಟ್ ಜೇಮ್ಸ್ ಪಾರ್ಕ್ ಕ್ರೀಡಾಂಗಣದಲ್ಲಿ ಐವತ್ತೆರಡು ಸಾವಿರ ಜನ ಕೂರಬಹುದು. ನ್ಯೂಕಾಸಲ್ ಯುನೈಟೆಡ್ ಕ್ಲಬ್ಬು 1892ರಿಂದ ಅಲ್ಲೇ ಆಡುತ್ತಿದೆ. ಆಟಗಾರರದು ಕಪ್ಪು ಬಿಳುಪು ಪಟ್ಟೆಯ ಅಂಗಿ. ಅದರಿಂದಲೇ ತಂಡಕ್ಕೆ ‘ಮ್ಯಾಗ್‌ಪೈ’ಗಳು ಎಂದು ಅಡ್ಡಹೆಸರು. (ನಮ್ಮ ಮಡಿವಾಳ ಹಕ್ಕಿಯನ್ನು ಇಂಗ್ಲಿಷಿನವರು ಮ್ಯಾಗ್‌ಪೈ ರಾಬಿನ್ ಎಂದು ಕರೆದದ್ದೂ ಇದೇ ಬಣ್ಣ ನೋಡಿ. ಅಲ್ಲಿನ ಮ್ಯಾಗ್‌ಪೈ ಮಾತ್ರ ಕಾಗೆಯ ಕುಟುಂಬಕ್ಕೆ ಸೇರಿದ್ದು.)

2012ರ ಅಕ್ಟೋಬರ್‌ನಲ್ಲಿ ಈ ಪಟ್ಟೆ ಅಂಗಿಯ ಎದೆಯ ಮೇಲೆ ಮುಂದಿನ ವರ್ಷದಿಂದ ‘ವೊಂಗಾ’ ಎಂಬ ಹೆಸರು ಬರುತ್ತದೆ ಎಂದು ಕ್ಲಬ್ಬು ಪ್ರಕಟಿಸಿತು. ನಾಲ್ಕು ವರ್ಷದ ಒಪ್ಪಂದ. ಸುಮಾರು 2 ಕೋಟಿ 40 ಲಕ್ಷ ಪೌಂಡ್ ಎಂದು ಪತ್ರಿಕೆಗಳು ಬರೆದವು. ವೊಂಗಾ 2006ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಾಲದ ಕಂಪನಿ. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದವರಿಗೆ ಸಂಬಳದ ದಿನದವರೆಗೆ ನೂರೋ ಇನ್ನೂರೋ ಪೌಂಡ್ ಕೊಡುವುದು ಅದರ ವ್ಯಾಪಾರ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದರೆ, ಒಪ್ಪಿಗೆಯಾದ ಕೆಲವೇ ನಿಮಿಷಗಳಲ್ಲಿ ಹಣ ಖಾತೆಗೆ ಬೀಳುತ್ತಿತ್ತು. ಟೀವಿಯಲ್ಲಿ ಮುದುಕ ಮುದುಕಿಯರ ಬೊಂಬೆಗಳು ಬಂದು ಸಾಲದ ಸುಖವನ್ನು ನಗುನಗುತ್ತ ಹೇಳುತ್ತಿದ್ದವು.

ಹೆಸರಿನ ಬಗ್ಗೆಯೂ ಒಂದು ಮಾತು. ವೊಂಗಾ ಎಂದರೆ ಬ್ರಿಟನ್ನಿನ ಆಡುಮಾತಿನಲ್ಲಿ ದುಡ್ಡು. ಇದು ರೋಮಾನಿ ಜನರ ಮಾತಿನಿಂದ ಬಂದಿರಬೇಕೆಂದೂ ಅದರ ಮೂಲ ಅರ್ಥ ಇದ್ದಿಲು ಎಂದೂ ನಿಘಂಟುಕಾರರು ಹೇಳುತ್ತಾರೆ. ರೋಮಾನಿಗಳ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ಭಾರತದಿಂದ ಹೊರಟವರು. ಅವರ ಆ ಪದ ಬೇರಾವುದೂ ಅಲ್ಲ, ನಮ್ಮ ‘ಅಂಗಾರ’. ಕಲ್ಲಿದ್ದಲ ಊರಿನ ಅಂಗಿಗೆ ಅಂಗಾರವೇ ಬಂದು ಅಂಟಿಕೊಂಡಿತು.

ಸುದ್ದಿ ಕೇಳಿದ ಅಭಿಮಾನಿಗಳು ಒಂದೇ ದನಿಯಲ್ಲಿ ಕೂಗಲಿಲ್ಲ. ಒಂದು ಗುಂಪು ಸಿಡಿದೆದ್ದಿತು. ಕೆಲಸವಿಲ್ಲದವರೂ ಅರೆಹೊಟ್ಟೆಯವರೂ ಸಾಕಷ್ಟಿರುವ ಊರಿನಲ್ಲಿ ಊರಿನ ತಂಡವೇ ಸಾಲಕೊಡುವವನ ಜಾಹೀರಾತು ಹಲಗೆಯಾಗಬೇಕೇ ಎಂದು ಕೇಳಿತು. ನಗರಸಭೆಯ ಮುಖ್ಯಸ್ಥರು ಇದು ಕಾನೂನಿನ ರಕ್ಷಣೆಯಲ್ಲಿ ನಡೆಯುವ ಮೀಟರ್ ಬಡ್ಡಿ ಎಂಬರ್ಥದ ಕಟುಮಾತನ್ನೇ ಆಡಿದರು. ಇನ್ನೊಂದು ಗುಂಪಿನವರು, ದುಡ್ಡು ಬಂದರೆ ಒಳ್ಳೆಯ ಆಟಗಾರರು ಬರುತ್ತಾರೆ, ಅಂಗಿಯ ಮೇಲೆ ಯಾರ ಹೆಸರಿದ್ದರೇನು ಎಂದರು. ಹಿಂದೆ ಅದೇ ಅಂಗಿಯ ಮೇಲೆ ಬಿಯರ್ ಹೆಸರಿತ್ತು, ಆಗ ಯಾರಿಗೂ ಎದೆ ಉರಿಯಲಿಲ್ಲವಲ್ಲ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ. ವೊಂಗಾಕ್ಕಿಂತ ಮೊದಲು ಒಂಬತ್ತು ವರ್ಷ ನಾರ್ದರ್ನ್ ರಾಕ್ ಎಂಬ ಊರಿನದೇ ಬ್ಯಾಂಕಿನ ಹೆಸರಿತ್ತು. 2007ರ ಸೆಪ್ಟೆಂಬರ್‌ನಲ್ಲಿ ಆ ಬ್ಯಾಂಕು ಮುಳುಗುತ್ತದೆಂದು ಜನ ಬಾಗಿಲ ಮುಂದೆ ಸಾಲುಗಟ್ಟಿ ನಿಂತಿದ್ದರು. 2008ರಲ್ಲಿ ಸರಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು.

ಮೂರನೆಯ ಗುಂಪಿನವರ ಸ್ಥಿತಿ ವಿಚಿತ್ರ. ಹಿಂದಿನ ವರ್ಷವಷ್ಟೇ ಕ್ಲಬ್ಬಿನ ಒಡೆಯ ಮೈಕ್ ಆ್ಯಶ್ಲಿ ಕ್ರೀಡಾಂಗಣದ ಹಳೆಯ ಹೆಸರು ಕಿತ್ತು ತನ್ನ ಅಂಗಡಿಯ ಹೆಸರಿಟ್ಟಿದ್ದ. ಅಭಿಮಾನಿಗಳಿಗೆ ಅದು ಉರಿಯುವ ಗಾಯ. ವೊಂಗಾ ಬುದ್ಧಿವಂತ ಕಂಪನಿ. ಕ್ರೀಡಾಂಗಣಕ್ಕೆ ಹೆಸರಿಡುವ ಹಕ್ಕನ್ನೂ ಕೊಂಡು, ಸೇಂಟ್ ಜೇಮ್ಸ್ ಪಾರ್ಕ್ ಎಂಬ ಹೆಸರನ್ನೇ ವಾಪಸು ಕೊಟ್ಟಿತು! ಬೈಯಬೇಕೆಂದು ಬಾಯಿ ತೆರೆದವರು ಕೃತಜ್ಞತೆ ಹೇಳಬೇಕಾದ ಇಕ್ಕಟ್ಟಿಗೆ ಸಿಕ್ಕಿದರು.

ಇನ್ನು ನನಗೆ ಆಸಕ್ತಿಯ ವಿಷಯಕ್ಕೆ ಬರುತ್ತೇನೆ. ವೊಂಗಾ ಕಾನೂನಿನ ಪ್ರಕಾರ ಜಾಹೀರಾತಿನಲ್ಲಿ ತನ್ನ ವಾರ್ಷಿಕ ಬಡ್ಡಿಯ ದರವನ್ನು ತೋರಿಸಬೇಕಿತ್ತು. ಆ ದಿನಗಳಲ್ಲಿ ಅದು ಶೇಕಡಾ 4,214. ಅಚ್ಚಿನ ತಪ್ಪಲ್ಲ. ನಾಲ್ಕು ಸಾವಿರದ ಇನ್ನೂರ ಹದಿನಾಲ್ಕು. ಒಂದು ಪೌಂಡ್ ಸಾಲ ಈ ದರದಲ್ಲಿ ವರ್ಷದ ಕೊನೆಗೆ 43 ಪೌಂಡಿಗೂ ಸ್ವಲ್ಪ ಹೆಚ್ಚಾಗುತ್ತದೆ.

ಇಷ್ಟು ದೊಡ್ಡ ಸಂಖ್ಯೆ ಎಲ್ಲಿಂದ ಬಂತು? ಕಂಪನಿ ತೆಗೆದುಕೊಳ್ಳುತ್ತಿದ್ದ ಬಡ್ಡಿ ದಿನಕ್ಕೆ ಹೆಚ್ಚುಕಡಿಮೆ ಶೇಕಡಾ ಒಂದು. ಕೇಳಲು ಏನೂ ಅಲ್ಲ. ನೂರು ರೂಪಾಯಿಗೆ ದಿನಕ್ಕೆ ಒಂದು ರೂಪಾಯಿ. ಆದರೆ ಚಕ್ರಬಡ್ಡಿಯ ಸೂತ್ರವನ್ನು ಹಾಕಿ ನೋಡಿ. 1.01 ಎಂಬ ಸಂಖ್ಯೆಯನ್ನು ಅದರಿಂದಲೇ 365 ಸಲ ಗುಣಿಸಬೇಕು. ಹಳೆಯ ಲಾಗರಿದಮ್ ಪುಸ್ತಕ ಮನೆಯಲ್ಲಿದ್ದರೆ ಎರಡೇ ಸಾಲಿನ ಲೆಕ್ಕ: 1.01ರ ಲಾಗ್ 0.0043, ಅದನ್ನು 365ರಿಂದ ಗುಣಿಸಿದರೆ 1.5695, ಆ್ಯಂಟಿಲಾಗ್ ಸುಮಾರು 37. ಕ್ಯಾಲ್ಕ್ಯುಲೇಟರಿನಲ್ಲಿ ಮಾಡಿದರೆ 37.8 ಬರುತ್ತದೆ. ನಾಲ್ಕು ಅಂಕಿಯ ಪಟ್ಟಿಯಲ್ಲಿ ಬಿಟ್ಟುಹೋದ ಪುಡಿ 365 ಪಟ್ಟು ಬೆಳೆದು ಈ ವ್ಯತ್ಯಾಸವಾಗಿದೆ. ಸಾಲದಲ್ಲೂ ಪುಡಿ ಬೆಳೆಯುವುದು ಹೀಗೆಯೇ. 37.8ರಿಂದ 43ಕ್ಕೆ ಏರಿಸಿದ್ದು ಸಾಲ ಕಳಿಸುವುದಕ್ಕೆಂದು ಕಂಪನಿ ಮೇಲೆ ಹಾಕುತ್ತಿದ್ದ ಐದೂವರೆ ಪೌಂಡಿನ ಶುಲ್ಕ.

ಕಂಪನಿಯ ವಾದವನ್ನೂ ಕೇಳಬೇಕು. ನಮ್ಮ ಸಾಲ ಕೆಲವು ವಾರದ್ದು, ವರ್ಷದ ದರ ಹೇಳಿ ಜನರನ್ನು ಹೆದರಿಸಬೇಡಿ ಎಂದಿತು. ಮೇಲುನೋಟಕ್ಕೆ ಇದು ಸರಿ. ಶಾಲೆಯ ಹುಡುಗ 100 ಮೀಟರನ್ನು 12 ಸೆಕೆಂಡಿನಲ್ಲಿ ಓಡಿದರೆ ಅವನ ವೇಗ ಗಂಟೆಗೆ 30 ಕಿಲೋಮೀಟರ್. ಹಾಗೆಂದು ಅವನು ಒಂದು ಗಂಟೆಯಲ್ಲಿ ಪಕ್ಕದ ತಾಲ್ಲೂಕು ತಲುಪುವುದಿಲ್ಲ. ನೂರು ಮೀಟರಾದ ಮೇಲೆ ಏದುಸಿರು ಬಿಡುತ್ತ ನಿಲ್ಲುತ್ತಾನೆ.

ಆದರೆ ಸಾಲಕ್ಕೆ ಏದುಸಿರಿಲ್ಲ. ಈ ತಿಂಗಳು ನೂರು ಪೌಂಡ್ ಕಡಿಮೆ ಬಿದ್ದವನು ಮೂವತ್ತು ದಿನಕ್ಕೆ ಸಾಲ ತಂದ ಎನ್ನಿ. ಶುಲ್ಕವೂ ಸೇರಿ ತೀರಿಸಬೇಕಾದದ್ದು ಸುಮಾರು 137. ಸಂಬಳ ಮಾತ್ರ ಹೋದ ತಿಂಗಳಿನಷ್ಟೇ. ಹಾಗಾಗಿ ಈಗ ಅವನಿಗೆ 137 ಪೌಂಡ್ ಕಡಿಮೆ. ಮತ್ತೆ ಅದೇ ಬಾಗಿಲು. ಎರಡನೆಯ ತಿಂಗಳ ಕೊನೆಗೆ 185, ಮೂರನೆಯದಕ್ಕೆ 248. ಇಲ್ಲಿ ವರ್ಷದ ದರದ ಮಾತೇ ಬೇಡ, ಮೂರು ತಿಂಗಳೇ ಸಾಕು. ನೂರು ಪೌಂಡ್ ಉಳಿಸಲಾಗದ ಮನೆಗೆ 248 ಎಲ್ಲಿಂದ ಬರಬೇಕು? ವರ್ಷದ ದರ ಎಂಬುದು ಸಾಲದಿಂದ ಸಾಲಕ್ಕೆ ಜಿಗಿಯುವ ಇಂಥವನ ದಾರಿಯ ನಕ್ಷೆ.

ಈ ಲೆಕ್ಕ ಅಂಗಿಯ ಮೇಲೆ ಇರುವುದಿಲ್ಲ. ಅಲ್ಲಿರುವುದು ಹೆಸರು ಮಾತ್ರ. ವಾರವಾರವೂ ಗೋಲು ಹೊಡೆದವನು ಕೈ ಎತ್ತಿ ಓಡಿ ಬರುವಾಗ ಆ ಹೆಸರು ಕಾಣುತ್ತದೆ. ಗೆದ್ದ ಸಂತೋಷವೂ ಹೆಸರೂ ಮನಸ್ಸಿನಲ್ಲಿ ಒಟ್ಟಿಗೆ ಕೂರುತ್ತವೆ. ಪಾವ್ಲೋವನ ನಾಯಿಗೆ ಗಂಟೆಯೂ ಅನ್ನವೂ ಒಂದಾದಂತೆ. ಸೋಪು ಇಷ್ಟವಾಗದಿದ್ದರೆ ಬೇರೆ ಸೋಪು ಕೊಳ್ಳುತ್ತೇವೆ. ಅಂಗಿಯ ಹೆಸರು ಇಷ್ಟವಾಗಲಿಲ್ಲವೆಂದು ನ್ಯೂಕಾಸಲ್ಲಿನವನು ಪಕ್ಕದ ಸಂಡರ್‌ಲ್ಯಾಂಡ್ ತಂಡಕ್ಕೆ ಜೈಕಾರ ಹಾಕಲಾರ. ಅವನ ಅಪ್ಪ, ಅಜ್ಜ ಹಾಕಿದವರಲ್ಲ. ಕಂಪನಿ ಬೆಲೆ ಕಟ್ಟಿ ಕೊಂಡದ್ದು ಅವನ ಈ ಕಟ್ಟುಪಾಡನ್ನು. ಮಾರಿದ್ದು ಕ್ಲಬ್ಬಿನ ಒಡೆಯ. ಅದು ಅವನದಲ್ಲ ಎಂದೇ ನನ್ನ ಅಭಿಪ್ರಾಯ.

ಆಟಗಾರರಲ್ಲೂ ಒಬ್ಬನಿಗೆ ತೊಡಕಾಯಿತು. ಸೆನೆಗಲ್ ದೇಶದ ಪಾಪಿಸ್ ಸಿಸ್ಸೆ. 2012ರ ಮೇ ತಿಂಗಳಲ್ಲಿ ಚೆಲ್ಸಿ ವಿರುದ್ಧ ಪಾದದ ಹೊರಮಗ್ಗುಲಿಂದ ಅವನು ಹೊಡೆದ ಚೆಂಡು ಗಾಳಿಯಲ್ಲಿ ಬಾಗಿ ಗೋಲು ಸೇರಿದ್ದನ್ನು ಆಟ ಬಲ್ಲವರು ಇನ್ನೂ ಮಾತಾಡುತ್ತಾರೆ. (ಆ ಬಾಗುವಿಕೆಗೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು, ಅದು ಇನ್ನೊಂದು ವಾರದ ವಿಷಯ.) ಬಡ್ಡಿ ತನ್ನ ಧರ್ಮಕ್ಕೆ ನಿಷಿದ್ಧ, ಈ ಅಂಗಿ ತೊಡಲಾರೆ ಎಂದು ಅವನು 2013ರ ಬೇಸಿಗೆಯಲ್ಲಿ ಹಿಂದೆಗೆದ. ತಂಡದ ಜತೆ ಪೋರ್ಚುಗಲ್ಲಿನ ಅಭ್ಯಾಸಕ್ಕೂ ಹೋಗಲಿಲ್ಲ. ಜುಲೈ ಕೊನೆಯ ಹೊತ್ತಿಗೆ ಕ್ಲಬ್ಬಿನ ಜತೆ ರಾಜಿಯಾಗಿ ಅದೇ ಅಂಗಿ ತೊಟ್ಟ.

ಅದೇ ತಿಂಗಳು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಂಗಕ್ಕಿಳಿದರು. ನ್ಯೂಕಾಸಲ್ಲಿನ ನೆರೆಯ ಡರ್‌ಹಮ್‌ನಲ್ಲಿ ಬಿಷಪ್ ಆಗಿದ್ದವರು, ಆ ಸೀಮೆಯ ಬಡತನ ಕಂಡವರು. ಸಹಕಾರಿ ಸಾಲ ಸಂಘಗಳನ್ನು ಬೆಳೆಸಿ, ಸ್ಪರ್ಧೆಯಿಂದಲೇ ವೊಂಗಾದ ಅಂಗಡಿ ಮುಚ್ಚಿಸುತ್ತೇವೆ ಎಂದು ಅದರ ಮುಖ್ಯಸ್ಥನಿಗೇ ಹೇಳಿದ್ದಾಗಿ ತಿಳಿಸಿದರು. ಒಳ್ಳೆಯ ಮಾತು. ಆದರೆ ಅದರ ಬೆನ್ನಿಗೇ, ಚರ್ಚಿನ ಪಿಂಚಣಿ ಹಣದಲ್ಲಿ ಸುಮಾರು 75 ಸಾವಿರ ಪೌಂಡ್ ಸುತ್ತಿ ಬಳಸಿ ವೊಂಗಾದಲ್ಲೇ ಇದೆ ಎಂಬುದನ್ನು ಪತ್ರಿಕೆಯೊಂದು ಬಯಲು ಮಾಡಿತು. ಆರ್ಚ್‌ಬಿಷಪ್ಪರು ಮುಜುಗರವಾಯಿತೆಂದು ಒಪ್ಪಿಕೊಂಡರು. ದುಡ್ಡಿನ ದಾರಿ ನೀರಿನ ದಾರಿಯಂತೆ, ಎಲ್ಲಿ ಇಂಗಿ ಎಲ್ಲಿ ಏಳುತ್ತದೋ ತಿಳಿಯದು.

ವೊಂಗಾದ ಕೆಟ್ಟ ಕಾಲ ಬೇಗನೆ ಶುರುವಾಯಿತು. ಇಲ್ಲದ ವಕೀಲರ ಕಚೇರಿಗಳ ಹೆಸರಿನಲ್ಲಿ ಸುಮಾರು 45,000 ಸಾಲಗಾರರಿಗೆ ಬೆದರಿಕೆಯ ಕಾಗದ ಕಳಿಸಿದ್ದು 2014ರ ಜೂನ್‌ನಲ್ಲಿ ಹೊರಬಿತ್ತು. 26 ಲಕ್ಷ ಪೌಂಡ್ ಪರಿಹಾರ ಕೊಡಬೇಕಾಯಿತು. ಅಕ್ಟೋಬರ್‌ನಲ್ಲಿ, ತೀರಿಸುವ ಶಕ್ತಿ ಇದೆಯೇ ಎಂದು ಸರಿಯಾಗಿ ನೋಡದೆ ಕೊಟ್ಟ ಸಾಲವೆಂದು, 3 ಲಕ್ಷ 30 ಸಾವಿರ ಜನರ 22 ಕೋಟಿ ಪೌಂಡ್ ಬಾಕಿಯನ್ನು ಬಿಟ್ಟುಕೊಟ್ಟಿತು. 2015ರ ಜನವರಿಯಿಂದ ಬ್ರಿಟನ್ನಿನಲ್ಲಿ ಇಂಥ ಸಾಲಗಳಿಗೆ ಮಿತಿ ಬಂತು: ಬಡ್ಡಿ, ಶುಲ್ಕ ಸೇರಿ ದಿನಕ್ಕೆ ಶೇಕಡಾ 0.8ಕ್ಕಿಂತ ಹೆಚ್ಚಿಲ್ಲ; ದಂಡವೆಲ್ಲ ಸೇರಿದರೂ ಒಟ್ಟು ಅಸಲಿನಷ್ಟನ್ನು ಮೀರುವಂತಿಲ್ಲ. ಅಂದರೆ ನೂರಕ್ಕೆ ಮೂವತ್ತು ದಿನಕ್ಕೆ ಹೆಚ್ಚೆಂದರೆ 24. ಇದೂ ಕಡಿಮೆಯೇನಲ್ಲ. ಆದರೆ ಮೀಟರು ಇನ್ನೂರಕ್ಕೆ ನಿಲ್ಲುತ್ತದೆ.

ಮಕ್ಕಳ ಅಳತೆಯ ಅಂಗಿಗಳ ಮೇಲೆ ತನ್ನ ಹೆಸರು ಬೇಡವೆಂದು ಕಂಪನಿಯೇ ಆಮೇಲೆ ತೀರ್ಮಾನಿಸಿತು. ಈ ಒಂದು ತೀರ್ಮಾನ ಸಾಕು, ಹೆಸರು ಅಂಗಿಯ ಮೇಲೆ ಏನು ಕೆಲಸ ಮಾಡುತ್ತಿತ್ತು ಎಂದು ಅವರಿಗೇ ಗೊತ್ತಿತ್ತೆನ್ನಲು.

2017ರಲ್ಲಿ ಒಪ್ಪಂದ ಮುಗಿದು ನ್ಯೂಕಾಸಲ್ ಅಂಗಿಗೆ ಹೊಸ ಹೆಸರು ಬಂತು. ಸಾಲದವನು ಹೋಗಿ ಜೂಜಿನವನು ಬಂದ. ಬಾಜಿ ಕಟ್ಟಿಸುವ ಕಂಪನಿ. ಪ್ರೀಮಿಯರ್ ಲೀಗಿನ ಇನ್ನೂ ಹಲವು ತಂಡಗಳ ಎದೆಯ ಮೇಲೆ ಇಂಥವೇ ಹೆಸರುಗಳು ಬಂದವು. 2023ರ ಏಪ್ರಿಲ್‌ನಲ್ಲಿ ಕ್ಲಬ್ಬುಗಳು ಸೇರಿ, 2025-26ರ ಋತು ಮುಗಿದ ಮೇಲೆ ಅಂಗಿಯ ಎದುರುಭಾಗದಲ್ಲಿ ಜೂಜಿನ ಹೆಸರು ಬೇಡವೆಂದು ಒಪ್ಪಿಕೊಂಡವು. ತೋಳಿಗೆ ಈ ಮಾತು ಅನ್ವಯಿಸುವುದಿಲ್ಲ. ನಮ್ಮ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ ಇಲೆವೆನ್ ಕೂಡ 2025ರ ಆಗಸ್ಟ್‌ನಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳ ಮೇಲೆ ಕಾನೂನು ಬಂದ ಕೂಡಲೇ ಇಳಿದುಹೋಯಿತು. ಕಾನೂನು ಬರುವವರೆಗೆ ಅದನ್ನು ತೊಟ್ಟು ಗಲ್ಲಿಯಲ್ಲಿ ಆಡಿದ ಮಕ್ಕಳೆಷ್ಟು!

ವೊಂಗಾ 2018ರ ಆಗಸ್ಟ್ 30ರಂದು ದಿವಾಳಿಯಾಯಿತು. ಹಿಂದೆ ಅನ್ಯಾಯವಾಗಿ ಸಾಲ ಕೊಟ್ಟಿದ್ದಕ್ಕೆ ಪರಿಹಾರ ಕೇಳಿದವರ ಅರ್ಜಿಗಳ ಹೊರೆಯೂ ಅದಕ್ಕೆ ಒಂದು ಕಾರಣ. ಉಳಿದ ಆಸ್ತಿಯನ್ನು ಲೆಕ್ಕಹಾಕಿ 2020ರಲ್ಲಿ ಅವರಿಗೆ ಹಂಚಲಾಯಿತು. ಒಂದು ಪೌಂಡಿಗೆ 4.3 ಪೆನ್ನಿಯಂತೆ, ಸಾವಿರ ಪೌಂಡ್ ಬರಬೇಕಿದ್ದವರಿಗೆ 43 ಪೌಂಡ್ ಸಿಕ್ಕಿತು.