ಇಸ್ತಿಂಜ ಮತ್ತು ನಮ್ಮ ಶಾಲೆಯ ಶೌಚಾಲಯ

ಗಡಿನಾಡಿನ ಕನ್ನಡ ಶಾಲೆಗಳ ಬಗ್ಗೆ ನಾವು ಬರೆಯುವುದೆಲ್ಲ ಸಾಮಾನ್ಯವಾಗಿ ಒಂದೇ ಥರ. ಪಠ್ಯಪುಸ್ತಕ ತಡವಾಯಿತು, ಕನ್ನಡ ಬಾರದ ಅಧ್ಯಾಪಕರನ್ನು ಕಳಿಸಿದರು, ಒಂದನೇ ಕ್ಲಾಸಿಗೆ ಮಕ್ಕಳಿಲ್ಲ. ಅವೆಲ್ಲ ಬರೆಯಬೇಕಾದದ್ದೇ. ಆದರೆ ಈ ಸಲ ಶೌಚಾಲಯದ ಬಗ್ಗೆ ಬರೆಯುತ್ತಿದ್ದೇವೆ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಂಡೇ ಓದಲಿ, ತೊಂದರೆಯಿಲ್ಲ.

ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ಕನ್ನಡ ಶಾಲೆಯೊಂದರ ಯಾವ ಕ್ಲಾಸಿಗೆ ಹೋದರೂ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಅವರಲ್ಲಿ ಮುಸ್ಲಿಂ ಮಕ್ಕಳು ಬೆಳಿಗ್ಗೆ ಬೇಗ ಎದ್ದು ಮದ್ರಸಕ್ಕೆ ಹೋಗಿ, ಅಲ್ಲಿಂದ ಮನೆಗೆ ಓಡಿ, ತಿಂಡಿ ತಿಂದು ನಮ್ಮ ಬೆಲ್ಲಿನ ಹೊತ್ತಿಗೆ ಬಂದಿರುತ್ತಾರೆ. ಆ ಮದ್ರಸದ ಕೆಳಗಿನ ಕ್ಲಾಸುಗಳಲ್ಲೇ ಉಸ್ತಾದರು ಕಲಿಸುವ ಪಾಠಗಳಲ್ಲಿ ಒಂದು ಇಸ್ತಿಂಜ. ಮಲಮೂತ್ರ ವಿಸರ್ಜನೆ ಆದ ಮೇಲೆ ಶುಚಿಯಾಗುವ ಕ್ರಮಕ್ಕೆ ಆ ಹೆಸರು. ನಮ್ಮ ಕರಾವಳಿಯ ಮುಸ್ಲಿಮರು ಹೆಚ್ಚಿನವರು ಶಾಫಿ ಪದ್ಧತಿಯವರು. ಆ ಪದ್ಧತಿಯಲ್ಲಿ ಇದು ಕಡ್ಡಾಯ, ಮಾಡಿದರೆ ಒಳ್ಳೆಯದು ಅನ್ನುವ ಲೆಕ್ಕದ್ದಲ್ಲ. ಎರಡಕ್ಕೆ ಹೋದಾಗ ಮಾತ್ರ ಅಂತಲೂ ಅಲ್ಲ, ಒಂದಕ್ಕೆ ಹೋದರೂ ತೊಳೆಯಬೇಕು.

ಕ್ರಮ ಹೀಗಿದೆ. ಒಳಗೆ ಹೋಗುವಾಗ ಎಡಗಾಲು ಮೊದಲು, ಹೊರಗೆ ಬರುವಾಗ ಬಲಗಾಲು. ಎರಡಕ್ಕೂ ಒಂದೊಂದು ಪುಟ್ಟ ಪ್ರಾರ್ಥನೆ. ಒಳಗೆ ಮಾತಾಡಬಾರದು, ಅಲ್ಲಾಹನ ಹೆಸರಿರುವ ವಸ್ತು ಒಯ್ಯಬಾರದು. ಕುಳಿತು ಮಾಡುವುದೇ ಉತ್ತಮ, ಬಟ್ಟೆಗೆ ಸಿಡಿಯಬಾರದು. ತೊಳೆಯಲು ಎಡಗೈ ಮಾತ್ರ. ನೀರಿನಿಂದ ತೊಳೆಯಬೇಕು, ಇಲ್ಲವೇ ಕಲ್ಲಿನಂಥ ಒಣ, ಶುದ್ಧ ವಸ್ತುವಿನಿಂದ ಮೂರು ಸಲಕ್ಕೆ ಕಡಿಮೆಯಿಲ್ಲದಂತೆ ಒರೆಸಬೇಕು. ಒರೆಸಿ ಆಮೇಲೆ ತೊಳೆದರೆ ಇನ್ನೂ ಒಳ್ಳೆಯದು. ಮೂಳೆ, ಸಗಣಿ, ತಿನ್ನುವ ವಸ್ತು ಕೂಡದು. ಧರ್ಮವಿದ್ಯೆ ಬರೆದ ಹಾಳೆಯೂ ಕೂಡದು (ನೋಟುಪುಸ್ತಕದ ಹಾಳೆ ಹರಿದುಕೊಂಡು ಗುಡ್ಡೆಗೆ ಓಡುತ್ತಿದ್ದ ಕಾಲ ಕಂಡ ಮಾಷ್ಟ್ರುಗಳಿಗೆ ಈ ನಿಯಮ ಖಂಡಿತ ಇಷ್ಟವಾದೀತು). ನಡೆಯುವ ದಾರಿ, ಜನ ಕೂರುವ ನೆರಳು, ನಿಂತ ನೀರು, ಇವುಗಳನ್ನು ಹೊಲಸು ಮಾಡಬಾರದು.

ಪ್ರವಾದಿಯವರ ಸಂಗಾತಿ ಸಲ್ಮಾನ್ ಫಾರಿಸಿಯವರನ್ನು ಕೆಲವರು ಛೇಡಿಸಿದ್ದರಂತೆ, ನಿಮ್ಮ ಪ್ರವಾದಿ ಕಕ್ಕಸಿಗೆ ಕೂರುವುದನ್ನೂ ಹೇಳಿಕೊಡುತ್ತಾರಾ ಅಂತ. ಅವರು ನಾಚದೆ ಹೌದು ಅಂದು, ಹೇಳಿಕೊಟ್ಟದ್ದು ಏನೇನೆಂದು ವಿವರಿಸಿದರು. ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿ ಇದು ಬರುತ್ತದೆ. ಅಧ್ಯಾಪಕರಾದ ನಮಗೆ ಈ ಉತ್ತರ ಬಹಳ ಹಿಡಿಸಿತು. ಚಿಕ್ಕ ಮಕ್ಕಳಿಗೆ ಕಲಿಸುವವರಿಗೆ ಯಾವುದೂ ಹೇಳಬಾರದ ವಿಷಯವಲ್ಲ.

ಈಗ ನಮ್ಮ ಕಡೆಯ ಒಂದು ಶಾಲೆಯ ಕಥೆ. ಯಾವುದು ಅಂತ ಕೇಳಬೇಡಿ. ಮೂರನೇ ಕ್ಲಾಸಿನ ಒಬ್ಬ ಹುಡುಗ ಒಂದಕ್ಕೆ ಹೋಗುವಾಗೆಲ್ಲ ತನ್ನ ಕುಡಿಯುವ ನೀರಿನ ಬಾಟ್ಲಿ ಹಿಡಿದುಕೊಂಡು ಹೋಗುತ್ತಿದ್ದ. ಹುಡುಗರ ಮೂತ್ರಾಲಯವೆಂದರೆ ಒಂದು ಗೋಡೆ, ಒಂದು ಚರಂಡಿ. ನಳ್ಳಿಯೂ ಇಲ್ಲ, ಬಾಲ್ದಿಯೂ ಇಲ್ಲ. ಉಳಿದ ಮಕ್ಕಳು ನಕ್ಕರು, ಅಡ್ಡಹೆಸರು ಇಟ್ಟರು. ಟೀಚರ್ ಒಬ್ಬರು "ಕುಡಿಯುವ ಬಾಟ್ಲಿಯನ್ನು ಅಲ್ಲಿಗೆ ಯಾರಾದರೂ ಕೊಂಡುಹೋಗ್ತಾರಾ ಮಾರಾಯ" ಅಂದರು. ಟೀಚರ್ ಹೇಳಿದ್ದು ಆರೋಗ್ಯದ ದೃಷ್ಟಿಯಿಂದ ಸರಿಯೇ. ಆದರೆ ಹುಡುಗ ಮರುದಿನದಿಂದ ಹೋಗುವುದನ್ನೇ ನಿಲ್ಲಿಸಿದ. ಸಂಜೆ ನಾಲ್ಕರವರೆಗೆ ತಡೆದುಕೊಂಡು ಮನೆಗೆ ಓಡುವುದು. ಹೊಟ್ಟೆನೋವು ಶುರುವಾಗಿ ಡಾಕ್ಟರಲ್ಲಿಗೆ ಹೋದ ಮೇಲೆ ಅವನ ಉಮ್ಮ ಶಾಲೆಗೆ ಬಂದು ಹೇಳಿದಾಗಲೇ ವಿಷಯ ಗೊತ್ತಾದದ್ದು.

ಆ ಹುಡುಗನ ಲೆಕ್ಕ ನೋಡಿ. ತೊಳೆಯದಿದ್ದರೆ ಮೈ ನಜಸ್, ಅಂದರೆ ಅಶುದ್ಧ. ಮೂತ್ರದ ಹನಿ ಬಟ್ಟೆಗೆ ತಾಗಿದರೆ ಆ ಬಟ್ಟೆಯಲ್ಲಿ ನಿಸ್ಕಾರ ಸಲ್ಲದು. ಮೂತ್ರದ ವಿಷಯದಲ್ಲಿ ಎಚ್ಚರವಿಲ್ಲದವನಿಗೆ ಗೋರಿಯಲ್ಲಿ ಶಿಕ್ಷೆ ಇದೆಯೆಂಬ ಹದೀಸ್ ಕೂಡ ಅವನು ಕೇಳಿರುತ್ತಾನೆ. ಎಂಟು ವರ್ಷದ ಮಗು ಒಂದು ಕಡೆ ಇದನ್ನು, ಇನ್ನೊಂದು ಕಡೆ ಗೆಳೆಯರ ನಗುವನ್ನು ಇಟ್ಟುಕೊಂಡು ಏನು ಮಾಡಬೇಕು? ತಡೆದುಕೊಳ್ಳುತ್ತದೆ. ನೀರು ಕುಡಿಯುವುದನ್ನೇ ಬಿಡುತ್ತದೆ. ದೊಡ್ಡ ಹುಡುಗಿಯರಂತೂ, ಯಾವ ಜಾತಿ ಮತದವರೇ ಇರಲಿ, ಇದನ್ನೇ ಮಾಡುತ್ತಾರೆ. ಮೂತ್ರದ ಸೋಂಕು ಬರಲು ಇಷ್ಟು ಸಾಕು.

ಹೀಗೆ ಹೇಳಿದಾಗ ಕೆಲವರು ಕೇಳುವುದುಂಟು, ಒಂದು ಮತದವರ ಶಾಸ್ತ್ರಕ್ಕೆ ಸರಕಾರಿ ಶಾಲೆ ಯಾಕೆ ಕುಣಿಯಬೇಕು ಅಂತ. ಅಂಥವರು ಮನುಸ್ಮೃತಿಯ ಐದನೇ ಅಧ್ಯಾಯ ತೆರೆದು ನೋಡಲಿ. ಮೂತ್ರದ ಅಂಗಕ್ಕೆ ಒಂದು ಸಲ, ಗುದಕ್ಕೆ ಮೂರು ಸಲ, ಎಡಗೈಗೆ ಹತ್ತು ಸಲ, ಎರಡೂ ಕೈಗೆ ಏಳು ಸಲ ಮಣ್ಣು ಹಚ್ಚಿ ಶುಚಿ ಮಾಡಬೇಕೆಂದು ಅಲ್ಲಿ ಲೆಕ್ಕವೇ ಕೊಟ್ಟಿದೆ. ಜನಿವಾರ ಕಿವಿಗೆ ಸುತ್ತಿಕೊಂಡು ಚೆಂಬು ಹಿಡಿದು ಹೋಗುತ್ತಿದ್ದ ಅಜ್ಜಂದಿರನ್ನು ನಾವು ನೋಡಿಲ್ಲವೇ? ಊಟಕ್ಕೆ ಬಲಗೈ, ತೊಳೆಯಲು ಎಡಗೈ ಎಂಬುದು ಈ ಊರಿನ ಎಲ್ಲಾ ಮನೆಗಳಲ್ಲೂ ಒಂದೇ. ನೀರಿಲ್ಲದ ಶೌಚಾಲಯ ಯಾವ ಮಗುವಿನ ಮನೆಗೂ ಹೊಂದುವುದಿಲ್ಲ. ಮುಸ್ಲಿಂ ಹುಡುಗ ಬಾಟ್ಲಿ ಹಿಡಿದು ಹೋದದ್ದರಿಂದ ಅದು ಎದ್ದು ಕಂಡಿತು, ಅಷ್ಟೇ.

ಕಾನೂನಂತೂ ಯಾವತ್ತೋ ಬಂದಿದೆ. 2010ರ ಏಪ್ರಿಲ್‌ನಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಬೇಕೆಂದಿತು. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎಲ್ಲಾ ಶಾಲೆಗಳಲ್ಲಿ ಆರು ತಿಂಗಳೊಳಗೆ ಶೌಚಾಲಯ, ಕುಡಿಯುವ ನೀರು ಆಗಬೇಕೆಂದು ಹೇಳಿತು. ಕಟ್ಟಡಗಳು ಬಂದವು, ಟೈಲ್ಸೂ ಬಂತು. 2024ರಲ್ಲಿ ಕೇರಳದ ಶಾಲೆಗಳಲ್ಲಿ ಬಿಸಿಲಿನ ಕಾರಣಕ್ಕೆ ವಾಟರ್ ಬೆಲ್ ಬಂತು, ಬೆಲ್ ಹೊಡೆದಾಗ ಮಕ್ಕಳು ನೀರು ಕುಡಿಯಬೇಕು. ಒಳ್ಳೆಯದೇ. ಆದರೆ ಕುಡಿದ ನೀರು ಹೊರಗೆ ಹೋಗಬೇಕಲ್ಲ, ಅದಕ್ಕೊಂದು ವ್ಯವಸ್ಥೆ ಸರಿಯಿಲ್ಲದಿದ್ದರೆ ಮಕ್ಕಳು ಬಾಟ್ಲಿ ಬಾಯಿಗಿಟ್ಟ ಹಾಗೆ ಮಾಡಿ ಚೀಲಕ್ಕೆ ಹಾಕುತ್ತಾರೆ.

ಮಾರ್ಚ್ ಕಳೆದರೆ ಬಾವಿಯಲ್ಲೂ ಸುರಂಗದಲ್ಲೂ ನೀರು ಇಳಿಯುತ್ತದೆ, ಎಲ್ಲಿಂದ ತರುವುದು ಅಂತ ಪಿ.ಟಿ.ಎ.ಯಲ್ಲಿ ಕೇಳುತ್ತಾರೆ. ಇದು ಸುಳ್ಳಲ್ಲ. ಆದರೆ ಎಷ್ಟು ನೀರು ಬೇಕು? ಪ್ರವಾದಿಯವರು ಇಡೀ ವುಳು, ಅಂದರೆ ನಿಸ್ಕಾರಕ್ಕೆ ಮುಂಚೆ ಕೈ ಮುಖ ಕಾಲು ತೊಳೆಯುವುದನ್ನು, ಒಂದು ಮುದ್ದ್ ನೀರಿನಲ್ಲಿ ಮುಗಿಸುತ್ತಿದ್ದರೆಂದು ಹದೀಸಿನಲ್ಲಿದೆ. ಶಾಫಿ ಲೆಕ್ಕದಲ್ಲಿ ಅದು ಒಂದು ಲೀಟರಿಗಿಂತ ಕಡಿಮೆ. ಒಂದಕ್ಕೆ ಹೋದ ಮಗುವಿಗೆ ಒಂದು ಮಗ್ಗು ಧಾರಾಳ. ಮುಚ್ಚಳವಿರುವ ಒಂದು ಡ್ರಮ್ಮು, ತಳದಲ್ಲೊಂದು ನಳ್ಳಿ, ಪಕ್ಕದಲ್ಲಿ ಸಾಬೂನು. ಬಾಗಿಲಿಗೆ ಚಿಲಕ ಇರಲಿ. ಗಂಡುಹುಡುಗರಿಗೂ ಗೋಡೆಯೊಂದೇ ಅಲ್ಲದೆ, ಕುಳಿತುಕೊಳ್ಳುವಂಥ ಒಂದೆರಡು ಕೋಣೆ ತೆರೆದಿಡಿ. ಎಷ್ಟೋ ಕಡೆ ಅವು ಇದ್ದರೂ ಬೀಗ ಹಾಕಿರುತ್ತಾರೆ, ಹೊಲಸಾಗುತ್ತದೆಂದು!

ಹೊಸದಾಗಿ ಕಟ್ಟುವವರಿಗೆ ಇನ್ನೊಂದು ಮಾತು. ಕಿಬ್ಲಾದ ಕಡೆಗೆ ಮುಖವನ್ನೋ ಬೆನ್ನನ್ನೋ ಮಾಡಿ ಕೂರಬಾರದೆಂದು ಮದ್ರಸದಲ್ಲಿ ಕಲಿಸುತ್ತಾರೆ. ನಾಲ್ಕು ಗೋಡೆಯ ಒಳಗಾದರೆ ರಿಯಾಯಿತಿ ಇದೆ, ಆದರೂ ತಪ್ಪಿಸುವುದು ಒಳ್ಳೆಯದೆನ್ನುತ್ತಾರೆ. ನಮ್ಮ ಊರಿಗೆ ಕಿಬ್ಲಾ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ. ಹಾಗಾಗಿ ಕೂರುವ ಕಲ್ಲನ್ನು ಉತ್ತರ ದಕ್ಷಿಣವಾಗಿ ಹಾಕಿದರೆ ಆಯಿತು. ತಮಾಷೆಯೆಂದರೆ ಮನುಸ್ಮೃತಿಯೂ ಹಗಲು ಉತ್ತರಕ್ಕೆ, ರಾತ್ರಿ ದಕ್ಷಿಣಕ್ಕೆ ಮುಖ ಮಾಡಿ ಕೂರು ಅನ್ನುತ್ತದೆ. ಮೇಸ್ತ್ರಿಗೆ ಒಂದು ಮಾತು ಮೊದಲೇ ಹೇಳಿದರೆ ಎರಡು ಶಾಸ್ತ್ರಕ್ಕೂ ಸರಿಹೋಗುತ್ತದೆ, ಒಂದು ಪೈಸೆ ಹೆಚ್ಚು ಖರ್ಚಿಲ್ಲ.

ಉಸ್ತಾದರಲ್ಲಿಯೂ ನಮ್ಮದೊಂದು ಕೇಳಿಕೆ ಇದೆ. ಎಡಗಾಲು ಬಲಗಾಲು ಬಾಯಿಪಾಠ ಬರುವ ಮಕ್ಕಳೇ ಎಷ್ಟೋ ಸಲ ನೀರು ಹೊಯ್ಯದೆ ಬರುತ್ತಾರೆ. ದಾರಿಯನ್ನೂ ನೆರಳನ್ನೂ ಹೊಲಸು ಮಾಡಬೇಡಿ ಅಂದ ನಿಯಮ ಶಾಲೆಯ ಶೌಚಾಲಯಕ್ಕೂ ಅನ್ವಯಿಸುತ್ತದೆಂದು ತಾವು ಹೇಳಿದರೆ ನಾವು ಹೇಳಿದ್ದಕ್ಕಿಂತ ಹೆಚ್ಚು ನಾಟುತ್ತದೆ. ಆ ಕಾಲದಲ್ಲಿ ತೊಳೆದ ಕೈಯನ್ನು ಮಣ್ಣಿಗೆ ಉಜ್ಜುತ್ತಿದ್ದರು, ಈ ಕಾಲದಲ್ಲಿ ಆ ಜಾಗಕ್ಕೆ ಸಾಬೂನು ಬಂದಿದೆ ಅಂತಲೂ ಸೇರಿಸಿ. ಕ್ಲಾಸಿನಲ್ಲಿ ನಾವು ಕೈತೊಳೆಯುವ ಪಾಠ ಮಾಡುವಾಗ ಮದ್ರಸದಲ್ಲಿ ಏನು ಹೇಳಿಕೊಟ್ಟಿದ್ದಾರೆ ಅಂತ ಮಕ್ಕಳನ್ನೇ ಕೇಳಬಹುದು. ಅಜ್ಜಿ ಮನೆಯಲ್ಲಿ ಏನು ಹೇಳುತ್ತಾರೆ ಅಂತ ಉಳಿದವರನ್ನೂ ಕೇಳಬಹುದು. ಬಾಟ್ಲಿಯವನನ್ನು ನೋಡಿ ನಗುವುದು ಆಗ ತಾನಾಗಿ ಕಡಿಮೆಯಾಗುತ್ತದೆ.

ಮೇಲೆ ಹೇಳಿದ ಶಾಲೆಯಲ್ಲಿ ತಾಯಂದಿರ ಸಭೆಯೇ ಎರಡು ಡ್ರಮ್ಮು, ಆರು ಮಗ್ಗು ತಂದಿಟ್ಟಿತು. ಮೊದಲ ವಾರದಲ್ಲೇ ನಾಲ್ಕು ಮಗ್ಗು ಕಾಣೆ. ಈಗ ಉಳಿದವನ್ನು ತೂತು ಕೊರೆದು ಹಗ್ಗದಲ್ಲಿ ಕಟ್ಟಿದ್ದಾರೆ, ಹಗ್ಗ ಕುಳಿತುಕೊಳ್ಳುವಲ್ಲಿಗೆ ಮುಟ್ಟುವಷ್ಟು ಉದ್ದವಿದೆಯೇ ಅಂತ ನೋಡಿಯೇ ಕಟ್ಟಿದ್ದಾರೆ.